ಬಂಗ್ಲೆ ಓಣಿಯ ಬಿಳಿಜೋಳ

ಆ ಓಣಿಯಲ್ಲಿ ಧೂಳಿರಲಿಲ್ಲ. ಈ ಮಾತಿನ ತೂಕ ಶಹಾಬಾದದಲ್ಲಿ ಬಾಳುವೆ ಮಾಡಿದವರಿಗೇ ಗೊತ್ತು. ಊರೊಳಗಾದರೆ ಎಲ್ಲಿ ಕೈಯಿಟ್ಟರೂ ಧೂಳು. ಫರಸಿ ಕಲ್ಲು ಕೊರೆಯುವ ಧೂಳು, ಸುಣ್ಣದ ಭಟ್ಟಿಯ ಧೂಳು, ಲಾರಿಗಳು ಎಬ್ಬಿಸಿ ಹೋದ ಧೂಳು. ತೊಳೆದಿಟ್ಟ ತಟ್ಟೆಯ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾಗಿತ್ತು; ನಾನು ಬರೆದು ಅವ್ವನಿಂದ ಬೈಸಿಕೊಂಡಿದ್ದೇನೆ. ಅಪ್ಪನಿಗೆ ಭಟ್ಟಿಯಲ್ಲಿ ಕೆಲಸ ಸಿಕ್ಕಿ ನಾವು ಚಿಂಚೋಳಿ ಕಡೆಯ ಐನಾಪುರ ಬಿಟ್ಟು ಬಂದಾಗ ಮೊದಲ ವರ್ಷ ಇದ್ದದ್ದು ಸ್ಟೇಷನ್ ಕೆಳಗಿನ ಒಂದು ಸಾಲುಮನೆಯಲ್ಲಿ. ಅಲ್ಲಿ ನನಗೆ ದಮ್ಮು ಹತ್ತಿತು. ಉಸಿರೆಳೆದರೆ ಎದೆಯೊಳಗೆ ಸಿಳ್ಳೆ ಹೊಡೆದಂಥ ಸದ್ದು. ಅವ್ವ ನನ್ನನ್ನು ಮಡಿಲಲ್ಲಿ ಕೂಡಿಸಿಕೊಂಡು ಬೆನ್ನು ನೀವುತ್ತಿದ್ದಳು, ನೀವುತ್ತ ನೀವುತ್ತ ತಾನೂ ನನ್ನ ಜೊತೆಗೆ ಉಸಿರೆಳೆಯುತ್ತಿದ್ದಳು. ದವಾಖಾನೆಯ ಡಾಕ್ಟರು ಒಂದು ದಿನ ಅಪ್ಪನನ್ನು ನೇರ ಬೈದರು.

“ಈ ಧೂಳಿನ್ಯಾಗ ಹುಡುಗಿನ್ನ ಇಟ್ಕೊಂಡು ಔಷಧ ಕೇಳಲಿಕತ್ತೀರಲ್ಲ! ಮೊದಲ ಮನಿ ಬದಲ ಮಾಡ್ರಿ.”

ಹಾಗೆ ನಾವು ಬಂಗ್ಲೆ ಓಣಿಗೆ ಹೋದೆವು. ಅದು ಊರಿಗೆ ಅಂಟಿಯೂ ಅಂಟದಂತೆ, ಕಲಬುರ್ಗಿ ರಸ್ತೆಯ ಕಡೆಗೆ, ಏರು ನೆಲದ ಮೇಲೆ ಇತ್ತು. ಕಲ್ಲುಗಣಿಯ ಸಾವ್ಕಾರರು, ದಿನಾ ಗಾಡಿ ಹತ್ತಿ ಕಲಬುರ್ಗಿ ಕೋರ್ಟಿಗೆ ಹೋಗಿ ಬರುವ ವಕೀಲರು, ಪಿಂಚಣಿ ಆದ ದೊಡ್ಡ ಸಾಹೇಬರು ಅಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಧೂಳು ಎಬ್ಬಿಸುವವರು ತಾವು ಧೂಳು ಬರದ ದಿಕ್ಕು ನೋಡಿ ಮನೆ ಕಟ್ಟಿಕೊಂಡಿದ್ದರು ಎನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ತಿಳಿದದ್ದು ಇಷ್ಟೇ: ಅಲ್ಲಿಗೆ ಹೋದ ಒಂದೇ ವಾರದಲ್ಲಿ ನನ್ನ ಎದೆಯ ಸಿಳ್ಳೆ ನಿಂತಿತು. ಕಸ್ತೂರಿಬಾಯಿ ಎನ್ನುವ ಸಾವ್ಕಾರ್ತಿಯ ಬಂಗ್ಲೆಯ ಹಿಂದೆ, ಆಳುಗಳಿಗೆಂದು ಕಟ್ಟಿಸಿ ಖಾಲಿ ಬಿಟ್ಟಿದ್ದ ಎರಡು ಕೋಣೆ ನಮಗೆ ಬಾಡಿಗೆಗೆ ಸಿಕ್ಕವು. ಊರಿನ ಬೀಗರು ನೋಡಲು ಬಂದವರು “ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು” ಎಂದು ನಕ್ಕು, ಚಹಾ ಕುಡಿದು, ನಳದಲ್ಲಿ ನೀರು ಬರುವುದನ್ನು ಎರಡೆರಡು ಸಲ ತಿರುಗಿಸಿ ನೋಡಿ ಹೋದರು.

ಆ ಎರಡು ಕೋಣೆಗಳಲ್ಲಿ ನಾನು ಈಗಲೂ ಕಣ್ಣುಮುಚ್ಚಿ ತಿರುಗಾಡಬಲ್ಲೆ. ನೆಲಕ್ಕೆ ನುಣ್ಣಗೆ ತಿಕ್ಕಿದ ಫರಸಿ. ಬ್ಯಾಸಿಗೆಯಲ್ಲಿ ಅಂಗಿ ಎತ್ತಿ ಹೊಟ್ಟೆಯನ್ನು ಆ ಕಲ್ಲಿಗೆ ಹಚ್ಚಿ ಮಲಗಿದರೆ ಆಹಾ, ಅಂಥ ತಂಪು ಮುಂದೆ ಯಾವ ಫ್ಯಾನೂ ಕೊಡಲಿಲ್ಲ. ಅಡಿಗೆ ಕೋಣೆಯ ಕಿಟಕಿ ತೆಗೆದರೆ ಬಂಗ್ಲೆಯ ಗುಲಾಬಿ ತೋಟ ಕಾಣುತ್ತಿತ್ತು, ಹಿಂದಿನ ಬಾಗಿಲು ತೆಗೆದರೆ ಬರೀ ಬಯಲು. ಆದರೆ ಕಟ್ಟುಪಾಡು ಬಹಳ. ಮುಂದಿನ ಗೇಟಿನಿಂದ ಬರಬಾರದು, ಬದಿಯ ಸಣ್ಣ ಗೇಟು ನಮ್ಮದು. ಬಟ್ಟೆ ಮುಂದಿನ ಕಡೆ ಒಣಹಾಕಬಾರದು. ಶಾವಿಗೆ, ಹಪ್ಪಳ, ಕಾಳು ಯಾವುದನ್ನೂ ಅಂಗಳದಲ್ಲಿ ಹರವಬಾರದು. ಜೋರಾಗಿ ಕರೆಯಬಾರದು. ಅವ್ವ ಐನಾಪುರದಲ್ಲಿ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಕೂಗಿ ಮಾತಾಡಿದವಳು. ಅವಳು ನನ್ನನ್ನು ಕರೆಯಲು ಬಾಗಿಲ ತನಕ ನಡೆದು ಬಂದು, ಸೆರಗು ಬಾಯಿಗೆ ಅಡ್ಡ ಹಿಡಿದು, “ಶರಣೀ...” ಎಂದು ಪಿಸುಗುಟ್ಟುವುದನ್ನು ಕಂಡರೆ ನನಗೆ ನಗು. ನಕ್ಕರೆ ತಲೆಯ ಮೇಲೆ ಒಂದು ಬೀಳುತ್ತಿತ್ತು, ಅದೂ ಸದ್ದಿಲ್ಲದೆ.

ನನಗೆ ಆ ಮನೆ ಸ್ವರ್ಗವಾಗಿತ್ತು, ಅವ್ವನಿಗೆ ಆಗಿರಲಿಲ್ಲ. ಕೆಲಸ ಬೇಗ ಮುಗಿದುಹೋಗುತ್ತಿತ್ತು. ಎಮ್ಮೆಯಿಲ್ಲ, ಸಗಣಿಯಿಲ್ಲ, ಹೊಲಕ್ಕೆ ಬುತ್ತಿ ಒಯ್ಯುವುದಿಲ್ಲ. ಮಧ್ಯಾಹ್ನ ಹಿಂಬಾಗಿಲ ಹೊಸ್ತಿಲ ಮೇಲೆ ಕುಳಿತು ಬಯಲು ನೋಡುತ್ತಿದ್ದಳು. ಐನಾಪುರದ ನಮ್ಮ ಪಾಲಿನ ಹೊಲವನ್ನು ಅಪ್ಪ ನೌಕರಿಗೆ ಬರುವಾಗ ತನ್ನ ಅಣ್ಣನಿಗೇ ಬಿಟ್ಟುಕೊಟ್ಟಿದ್ದ. ಅದರ ಮುಂದಿನ ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ನಾವು ಹೋದಾಗ ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಚರಗದ ಬುಟ್ಟಿ ಎತ್ತಲು ಹೋದ ಅವ್ವನ ಕೈ ತಡೆದು, “ನೀವು ಈಗ ಬೀಗರು, ಕುಂದ್ರಿ” ಅಂದಿದ್ದಳಂತೆ. ಮಾತು ಮರ್ಯಾದೆಯದೇ, ನೆಂಟರಿಗೆ ಹೇಳುವಂಥದ್ದು. ಅವ್ವ ಊಟವನ್ನೂ ಮಾಡಿದಳು. ಆಮೇಲೆ ಆ ಹೊಲಕ್ಕೆ ಕಾಲಿಡಲಿಲ್ಲ.

ನಮ್ಮ ಕಡೆ ಎಳ್ಳಮಾಸಿಗೆ ಹೊಲದಲ್ಲಿ ಉಣ್ಣದಿದ್ದರೆ ಆ ವರ್ಷ ಉಂಡಂತಲ್ಲ. ಬಿಳಿಜೋಳ ಎದೆಯುದ್ದ ನಿಂತು ತೆನೆಯಲ್ಲಿ ಹಾಲು ತುಂಬುವ ಹೊತ್ತು ಅದು. ಭೂಮ್ತಾಯಿ ಬಸುರಿ, ಅವಳಿಗೆ ಬಯಕೆ ಆಗಿರುತ್ತದೆ, ಮಾಡಿದ ಅಡಿಗೆಯಲ್ಲಿ ಮೊದಲ ಪಾಲನ್ನು ಅವಳಿಗೆ ಚೆಲ್ಲಬೇಕು, ಅದೇ ಚರಗ. ಬಂಗ್ಲೆ ಓಣಿಗೆ ಬಂದ ಮೊದಲ ಎಳ್ಳಮಾಸಿಗೆ ಅವ್ವ ಸೊಪ್ಪು ಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ ಎಲ್ಲ ಮಾಡಿದಳು. ಮಾಡಿ, ಚರಗ ಎಲ್ಲಿ ಚೆಲ್ಲುವುದೆಂದು ತಿಳಿಯದೆ ತಟ್ಟೆ ಹಿಡಿದು ಹಿಂಬಾಗಿಲಲ್ಲಿ ನಿಂತಳು. ಗುಲಾಬಿ ತೋಟ ನೋಡಿದಳು, ಬಯಲು ನೋಡಿದಳು. ಕಡೆಗೆ ತಟ್ಟೆ ಒಳಗೆ ತಂದು ನನ್ನ ಮುಂದೆ ಇಟ್ಟಳು. ಅವಳು ಮಾತ್ರ ಆ ದಿನ ಉಣ್ಣಲಿಲ್ಲ.

ಆ ಬಯಲು ಸಾವ್ಕಾರ್ತಿಯದೇ. ಮಗನಿಗೆ ಬಂಗ್ಲೆ ಕಟ್ಟಿಸಲೆಂದು ಗಡಿಗಲ್ಲು ನೆಟ್ಟು ಬಿಟ್ಟಿದ್ದಳು. ಮಗ ಹೈದರಾಬಾದಿನಲ್ಲಿ ಇಂಜಿನಿಯರ್. ಮಣ್ಣು ಕರೀದು, ಹೆಂಟೆ ಒಡೆದರೆ ಬೆಣ್ಣೆ. ಅವ್ವ ಒಂದು ಹೆಂಟೆ ಕೈಯಲ್ಲಿ ಪುಡಿಮಾಡಿ ಮೂಸಿ ನೋಡುತ್ತಿದ್ದಳು. “ಇಂಥಾ ಎರಿಭೂಮಿ ಬೀಳು ಬಿಟ್ಟಾರಲ್ಲ, ಇವರ ಕಣ್ಣಿಗೆ ಏನಾಗ್ಯಾದ?” ಎಂದು ತನ್ನಷ್ಟಕ್ಕೇ ಬೈದುಕೊಳ್ಳುತ್ತಿದ್ದಳು. ಮರುವರ್ಷ ಹಸ್ತಾ ಮಳೆ ಬಿದ್ದು ಮಣ್ಣು ಹದವಾದಾಗ ತವರಿಗೆ ಹೋಗಿ ಬಂದಳು. ಬರುವಾಗ ಸೆರಗಿನ ಗಂಟಿನಲ್ಲಿ ಬಿಳಿಜೋಳದ ಬೀಜ ಇದ್ದವು. ಒಂದು ಖುರ್ಪಿ ಹಿಡಿದು ಕುಳಿತು, ಸರಿಯುತ್ತ ಸರಿಯುತ್ತ, ಗಡಿಗಲ್ಲಿನಿಂದ ಗಡಿಗಲ್ಲಿಗೆ ಸಾಲು ಎಳೆದು ಬಿತ್ತಿದಳು. ನಾನು ಹಿಂದಿನಿಂದ ಕಾಲಲ್ಲಿ ಮಣ್ಣು ಮುಚ್ಚುತ್ತ ಹೋದೆ. ಯಾರನ್ನಾದರೂ ಕೇಳಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ. ಕೊಯ್ಯುವುದಕ್ಕಾದರೆ ಕೇಳಬೇಕು, ಬಿತ್ತುವುದಕ್ಕೆ ಯಾರನ್ನು ಕೇಳುತ್ತಾರೆ? ನಮ್ಮ ಮಂದಿಯ ತಿಳುವಳಿಕೆ ಅಷ್ಟೇ.

ಪೈರು ಮೊಣಕಾಲುದ್ದ ಆಗುವ ತನಕ ಬಂಗ್ಲೆಯವರು ಅದನ್ನು ಹುಲ್ಲೆಂದೇ ತಿಳಿದಿದ್ದರು. ದೇವರಾಣೆ, ಜೋಳ ಉಣ್ಣುವ ಮಂದಿ! ಅಪ್ಪನಿಗೆ ಮಾತ್ರ ಎರಡೆಲೆ ಬಿಟ್ಟಾಗಲೇ ತಿಳಿಯಿತು. ಭಟ್ಟಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದವನು ಚೊಂಬು ಕೆಳಗಿಟ್ಟ.

“ಏನದು?”

“ಬಿಳಿಜೋಳ.”

“ಮಂದಿ ಜಾಗಾದಾಗ ಬಿತ್ತಂತ ನಿನಗ ಯಾರು ಹೇಳ್ಯಾರ? ನಾವು ಇಲ್ಲಿ ಬಾಡಿಗಿ ಇರಲಿಕ್ಕ ಬಂದೀವಿ, ಕಮತ ಮಾಡಲಿಕ್ಕಲ್ಲ. ನಾಳಿ ಹೊರಗ ಹಾಕಿದ್ರ ಈ ಪೋರಿನ್ನ ತೊಗೊಂಡು ಮತ್ತ ಆ ಧೂಳಿನ್ಯಾಗ ಹೋಗ್ತೀಯೇನು?”

ಅಪ್ಪ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಸಂಜೆ ನೋಡುತ್ತೇನೆ, ಅವನೇ ಲುಂಗಿ ಎತ್ತಿ ಕಟ್ಟಿ ಸಾಲಿನ ನಡುವೆ ಕಳೆ ಕೀಳುತ್ತಿದ್ದಾನೆ. “ಬಿತ್ತಿದ ಮ್ಯಾಲ ಹೊಲಸು ಇಡಬಾರದು” ಎಂದು ನನಗೆ ಹೇಳಿದ, ಅವ್ವನಿಗೆ ಕೇಳುವಷ್ಟು ಜೋರಾಗಿ. ಮುಂದೆ ನಮ್ಮ ಸಂಜೆಗಳೆಲ್ಲ ಅಲ್ಲೇ ಕಳೆದವು. ಅವ್ವ ಹಾಡಿಕೊಳ್ಳುತ್ತಿದ್ದಳು, ಅಪ್ಪ ಗಡಿಗಲ್ಲಿನ ಮೇಲೆ ಕುಳಿತು ಬೀಡಿ ಸೇದುತ್ತಿದ್ದ, ನಾನು ಸಾಲುಗಳ ನಡುವೆ ದಮ್ಮಿಲ್ಲದೆ ಓಡುತ್ತಿದ್ದೆ. ಅವರಿಬ್ಬರೂ ಒಟ್ಟಿಗೆ ಸುಖವಾಗಿದ್ದದ್ದನ್ನು ನಾನು ಕಣ್ಣಾರೆ ಕಂಡದ್ದು ಆ ಕೆಲವೇ ವಾರ. ಆ ಸಂಜೆಗಳು ಬೇಕು ಎಂದು ಈ ವಯಸ್ಸಿನಲ್ಲೂ ಹಟ ಬರುತ್ತದೆ, ಯಾರ ಹತ್ತಿರ ಹಟ ಮಾಡಲಿ?

ಎದೆಯುದ್ದ ಬೆಳೆದು ತೆನೆ ಹಾಯ್ದ ಮೇಲೆ ಅದನ್ನು ಹುಲ್ಲೆನ್ನುವುದು ಸಾಧ್ಯವಿರಲಿಲ್ಲ. ಗಿಳಿಗಳು ಬರತೊಡಗಿದವು, ಅವ್ವ ಡಬ್ಬಿ ಬಾರಿಸತೊಡಗಿದಳು. ವಕೀಲರ ಮನೆಯಿಂದ ಇಲಿ ಆಗುತ್ತವೆ, ಹಾವು ಬರುತ್ತವೆ ಎಂಬ ದೂರು ಹೋಯಿತು. ಪಿಂಚಣಿ ಸಾಹೇಬರು “ಕಾಲನಿಯ ಅಂದ ಕೆಟ್ಟಿತು” ಎಂದರಂತೆ. ಒಂದು ಬೆಳಿಗ್ಗೆ ಸಾವ್ಕಾರ್ತಿ ಸ್ವತಃ ಹಿಂದಿನ ಕಡೆ ಬಂದಳು. ಆ ಎರಡು ವರ್ಷದಲ್ಲಿ ಅವಳು ನಮ್ಮ ಬಾಗಿಲಿಗೆ ಬಂದದ್ದು ಅದೇ ಮೊದಲು. ಎತ್ತರದ ಹೆಂಗಸು, ಬಿಳಿಯ ಸೀರೆ, ಮಾತು ಕಡಿಮೆ. ಗಂಡ ತೀರಿದ ಮೇಲೆ ಗಣಿಯ ವ್ಯವಹಾರವನ್ನೆಲ್ಲ ತಾನೇ ನೋಡಿಕೊಂಡವಳು.

“ನಾಗಮ್ಮ, ಮಗ ಬರ್ಲಿಕತ್ತಾನ. ಪಾಯ ತೆಗೀಬೇಕು. ಈ ವಾರದಾಗ ಇದನ್ನ ಖಾಲಿ ಮಾಡು. ಮಾಡಂಗಿಲ್ಲ ಅಂದ್ರ ಖೋಲಿ ಖಾಲಿ ಮಾಡು.”

ಸ್ಟೇಷನ್ ಕೆಳಗಿನ ಸಾಲುಮನೆ ಕಣ್ಣ ಮುಂದೆ ಬಂದು ನಿಂತಿತು. ಅವ್ವ ಸೆರಗು ಸರಿಮಾಡಿಕೊಂಡಳು.

“ಜಾಗಾ ನಿಮ್ಮದ ಅದ ಅಕ್ಕಾರ, ನಾ ಇಲ್ಲ ಅನ್ನಂಗಿಲ್ಲ. ಎಳ್ಳಮಾಸಿ ತನಾ ಬಿಡ್ರಿ.”

“ಯಾಕ?”

“ತೆನಿಯಾಗ ಹಾಲು ತುಂಬ್ಯಾದ್ರಿ. ಭೂಮ್ತಾಯಿ ಬಸರಿ. ಬಸರಿ ಹೆಂಗಸಿಗಿ ಬಯಕಿ ಉಣಿಸಲಾರದ ಯಾರಾರ ಹೊರಗ ಹಾಕ್ತಾರೇನ್ರಿ? ನೀವೂ ಹಡದವರು ಇದ್ದೀರಿ.”

ಸಾವ್ಕಾರ್ತಿ ಬೆಳೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

“ಅಮಾಸಿ ಮರುದಿನ ಒಂದು ದಂಟೂ ಕಾಣಬಾರದು. ಮಾತು ಕೊಡ್ತೀಯೇನು?”

“ಕೊಟ್ಟೀನ್ರಿ” ಎಂದು ಅವ್ವ ಒಂದು ದಂಟು ಹಿಡಿದು ಹೇಳಿದಳು.

ಆಮೇಲಿನ ದಿನಗಳಲ್ಲಿ ಅವ್ವ ಮದುವೆ ಮನೆಯ ಯಜಮಾನಿಯಂತೆ ಓಡಾಡಿದಳು. ಸಂತೆಯಿಂದ ಸೊಪ್ಪು, ಹಸಿಕಾಳು, ಸೌತೆ, ಬದನೆ ತಂದು ಭಜ್ಜಿಗೆ ಹೊಂದಿಸಿದಳು. ಗಣಿಯ ಕಡೆಯಿಂದ ಒಡೆದ ಫರಸಿಯ ಐದು ಚೂರು ಆರಿಸಿ ತಂದು ಸುಣ್ಣ ಬಳಿದು, ದಂಟಿನ ಒಂದು ಸಣ್ಣ ಕೊಂಪೆ ಕಟ್ಟಿ, ಅದರೊಳಗೆ ಪಾಂಡವರೆಂದು ಕೂಡಿಸಿದಳು. ಹೊಲದಲ್ಲಿ ಒಬ್ಬರೇ ಉಣ್ಣಬಾರದು, ದಾರಿಹೋಕರನ್ನೂ ಕರೆಯಬೇಕು. ಹಾಗಾಗಿ ಹಿಂದಿನ ದಿನ ನನ್ನ ಕೈ ಹಿಡಿದುಕೊಂಡು, ಇಳಕಲ್ ಸೀರೆ ಉಟ್ಟು, ಬಂಗ್ಲೆ ಬಂಗ್ಲೆಗೂ ಹೋಗಿ ಕರೆದಳು. ಮುಂದಿನ ಗೇಟಿನಿಂದಲೇ ಹೋದಳು! ಸಾಹೇಬರ ನಾಯಿ ಬೊಗಳಿತು. ವಕೀಲರ ಹೆಂಡತಿ ಬಾಗಿಲ ಸಂದಿಯಿಂದಲೇ ಮಾತಾಡಿಸಿದಳು.

“ಹೊಲ ಎಲ್ಲದ?”

“ನಿಮ್ಮ ಗೋಡಿ ಹಿಂದ ಅದಲ್ರಿ.”

“ಓ, ಅದೇನು! ಆಳಿನ್ನ ಕಳಸ್ತೀನಿ, ಡಬ್ಬ್ಯಾಗ ಹಾಕಿ ಕೊಡು.”

“ಡಬ್ಬ್ಯಾಗ ಹಾಕಿದ್ರ ಅದು ಸಾರಾಗ್ತದ್ರೀ, ಚರಗ ಆಗಂಗಿಲ್ಲ. ನೀವ ಬರ್ರಿ” ಎಂದು ಅವ್ವ ನಗುತ್ತಲೇ ಹೇಳಿ ಮೆಟ್ಟಿಲಿಳಿದಳು. ಸಾವ್ಕಾರ್ತಿಯನ್ನೂ ಕರೆದಳು. ಅವಳು ಬರುತ್ತೇನೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ಎಳ್ಳಮಾಸಿ ದಿನ ಹೊತ್ತು ನೆತ್ತಿಗೇರುವಾಗ ನಮ್ಮ ಹೊಲದಲ್ಲಿ, ನಾನು ಅದನ್ನು ಹೊಲವೆಂದೇ ಕರೆಯುತ್ತೇನೆ, ಬಂದು ಕೂತವರು ಬಂಗ್ಲೆಗಳ ಮಾಲಿಗಳು, ಅಡಿಗೆಯವರು, ಹಾಲಿನವನು, ವಕೀಲರ ಡ್ರೈವರ್. ಎಲ್ಲರೂ ಒಂದಿಲ್ಲೊಂದು ಊರಿನಲ್ಲಿ ಹೊಲ ಬಿಟ್ಟು ಬಂದವರೇ. ಅವ್ವ ಬುಟ್ಟಿ ಎತ್ತಿ ಚರಗ ಚೆಲ್ಲುತ್ತ ನಡೆದಳು, ಅಪ್ಪ ಹಿಂದಿನಿಂದ ನೀರು ಚಿಮುಕಿಸುತ್ತ ಬಂದ. ಅವ್ವ ಗಂಟಲು ತೆರೆದು ಚರಗದ ಕೂಗು ಹಾಕಿದಳು. ಎರಡು ವರ್ಷ ಪಿಸುಗುಟ್ಟಿದ್ದ ಗಂಟಲು ಅದು! ಓಣಿಯ ಕಿಟಕಿಗಳು ಒಂದೊಂದಾಗಿ ತೆರೆದವು. ಮಾಲಿಗಳೂ ದನಿಗೂಡಿಸಿದರು. ಒಬ್ಬ ಮುದುಕ ಕಣ್ಣೊರೆಸಿಕೊಂಡು, “ಜ್ವಾಳದ ಎಲಿ ಕಣ್ಣಿಗಿ ತಾಕ್ತು” ಎಂದ.

ಉಣ್ಣಲು ಕೂರುವಾಗ ಸಾವ್ಕಾರ್ತಿ ಬಂದಳು. ಆಳೊಬ್ಬ ಕುರ್ಚಿ ಹೊತ್ತು ತಂದಿದ್ದ. ಅವಳು ಸಾಲುಗಳ ಅಂಚಿಗೆ ಬಂದು ನಿಂತು, ಯಾರೂ ಹೇಳದೆ ಚಪ್ಪಲಿ ಕಳಚಿದಳು. ಕುರ್ಚಿಯನ್ನು ಕೈಯಿಂದ ಅತ್ತ ಸರಿಸಿ ಮಣ್ಣಿನ ಮೇಲೆ ಕೂತಳು. ಅವ್ವ ಅವಳ ಕೈಯಲ್ಲೇ ಸಜ್ಜೆ ರೊಟ್ಟಿ ಇಟ್ಟು, ಅದರ ಮೇಲೆ ಭಜ್ಜಿ ಹಾಕಿ, ನಡುವೆ ಕುಳಿ ಮಾಡಿ ಎಣ್ಣೆ ಸುರಿದಳು. ಸಾವ್ಕಾರ್ತಿ ಒಂದು ತುತ್ತು ತಿಂದು ಬಾಯಿ ಆಡಿಸುವುದನ್ನೇ ನಿಲ್ಲಿಸಿದಳು.

“ಯಾಕ್ರಿ ಅಕ್ಕಾರ, ಖಾರ ಆಯ್ತೇನ್ರಿ?”

“ಇಲ್ಲ. ಸುಲೇಪೇಟದಾಗ ನಮ್ಮಪ್ಪನ ಹೊಲ ಇತ್ತು. ಲಗ್ನ ಆದ ಮ್ಯಾಲ ಒಂದ ಸಲಾನೂ ಎಳ್ಳಮಾಸಿಗಿ ಹೋಗಿಲ್ಲ ನಾ. ಗಣಿಯವರಿಗಿ ಎಲ್ಲೀ ಹೊಲ? ನಾವು ಭೂಮಿ ಒಡದು ಕಲ್ಲು ತೆಗ್ಯಾ ಮಂದಿ.” ತುಸು ಹೊತ್ತಿನ ಮೇಲೆ, “ಇನ್ನೊಂದು ರೊಟ್ಟಿ ಹಾಕು” ಎಂದಳು.

ಅವ್ವ ಹಾಕಿದಳು. ಇಬ್ಬರೂ ಪಕ್ಕಪಕ್ಕ ಕೂತು ಉಂಡರು. ತವರಿನ ಮಾತು ಶುರುವಾಯಿತು. ಯಾವ ಹೊಲದಲ್ಲಿ ಯಾವ ಗಿಡ, ಯಾರ ಮನೆಯ ಹೋಳಿಗೆ ಮೆತ್ತಗೆ, ಯಾವ ಅತ್ತೆ ಹೇಗೆ ಬೈಯುತ್ತಿದ್ದಳು. ಹೊತ್ತು ಇಳಿದರೂ ಸಾವ್ಕಾರ್ತಿ ಏಳಲಿಲ್ಲ. ನಾನು ಎಳೆ ತೆನೆಯ ಕಾಳು ಬಿಡಿಸಿ ಹಾಲು ಹೀರುತ್ತ, ಅವರಿಬ್ಬರ ನಡುವೆ ಮಲಗಿ, ಹಸಿರಿನ ಮೇಲಿನ ಆಕಾಶ ನೋಡುತ್ತಿದ್ದೆ. ಮುಂದೆ ನಾನು ಎಷ್ಟೋ ಊರಿನಲ್ಲಿ, ಎಷ್ಟೋ ಬಾಡಿಗೆ ಮನೆಗಳಲ್ಲಿ ಇದ್ದೆ. ಎಲ್ಲಿ ಹೋದರೂ ಮೊದಲು ಹಿಂಬಾಗಿಲು ತೆಗೆದು ನೋಡುವ ಚಟ ನನಗೆ ಆ ಮಧ್ಯಾಹ್ನದಿಂದಲೇ ಹತ್ತಿದ್ದು.

ಮರುದಿನ ಬೆಳಿಗ್ಗೆ ಅವ್ವ ಕುಡಗೋಲು ಮಸೆದು, ಸೀರೆ ಕಚ್ಚೆ ಹಾಕಿ, ಸಾಲಿನ ಮೊದಲಿಗೆ ನಿಂತಳು. ಅಪ್ಪ ನೋಡಲಾರದೆ ಮುಂಚೆಯೇ ಭಟ್ಟಿಗೆ ಹೋಗಿಬಿಟ್ಟಿದ್ದ. ಎಲೆಗಳ ಮೇಲೆ ಇನ್ನೂ ಇಬ್ಬನಿ ಇತ್ತು. ಸಾವ್ಕಾರ್ತಿ ಶಾಲು ಹೊದ್ದುಕೊಂಡು ಸರಸರ ಬಂದಳು, ಬರುತ್ತಲೇ ಕೈಯೆತ್ತಿ ತಡೆದಳು.

“ಕುಡಗೋಲು ಇಡು ನಾಗಮ್ಮ. ಮಗಗ ನಾ ಹೇಳ್ತೀನಿ. ಯುಗಾದಿ ಆದ ಮ್ಯಾಲ ಪಾಯ ತೆಗೀಲಿ. ನೀ ಚಂದಾಗಿ ಸುಗ್ಗಿ ಮಾಡ್ಕೋ. ಖೋಲಿನೂ ಬಿಡೂದು ಬ್ಯಾಡ.”

ನಾನು ಹಿಗ್ಗಿ ಅವ್ವನ ಸೆರಗು ಜಗ್ಗಿದೆ. ಅವ್ವ ನನ್ನನ್ನು ನೋಡಲಿಲ್ಲ. ಈ ಗಡಿಗಲ್ಲಿನಿಂದ ಆ ಗಡಿಗಲ್ಲಿನ ತನಕ ಬೆಳೆಯ ಮೇಲೆ ಕಣ್ಣು ಹಾಯಿಸಿದಳು. ಅವಳ ಕಣ್ಣು ತುಂಬಿದ್ದವು.

“ಬ್ಯಾಡ್ರಿ ಅಕ್ಕಾರ.”

“ಯಾಕ? ನನ್ನ ಮ್ಯಾಲ ಸಿಟ್ಟೇನು?”

“ಸಿಟ್ಟಲ್ರಿ. ಇನ್ನೊಂದು ತಿಂಗಳು ನಿಂತ್ರ ಇದು ನಂದ ಅದ ಅನ್ನಸ್ತದ. ಆಮ್ಯಾಲ ನನಗ ಬಿಡಾಕ ಆಗಂಗಿಲ್ಲ.”

ಹಾಗೆಂದು ಅವ್ವ ಬಗ್ಗಿ ಮೊದಲ ದಂಟು ಕೊಯ್ದಳು.